ಕದರಮ್ಮನ ಕಾಮೆಂಟು

ಮೇ 5, ಸೋಮವಾರ

ಹತ್ತನೇ ತರಗತಿಯ ಫಲಿತಾಂಶ ಬಂದಾಗಿನಿಂದ ಅನ್ನ ರುಚಿಸುತ್ತಿಲ್ಲ. ನಮ್ಮ ಶಾಲೆಯಲ್ಲಿ ಎಲ್ಲರೂ ಪಾಸು, ಒಬ್ಬಳನ್ನು ಬಿಟ್ಟು. ಆ ಒಬ್ಬಳು ಫೇಲಾಗಿರುವುದು ಒಂದೇ ವಿಷಯದಲ್ಲಿ. ಅದು ಗಣಿತ. ಗುಬ್ಬಿಯ ಜ್ಞಾನತೋರಣ ಪ್ರೌಢಶಾಲೆಯಲ್ಲಿ ಗಣಿತ ಹೇಳುವ ಪುಣ್ಯಾತ್ಗಿತ್ತಿ ನಾನೇ. ಮರಳೂರಿನಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಇಷ್ಟು ವರ್ಷ ಒಂದು ಮಗುವನ್ನೂ ಬೀಳಿಸದವಳು ನಾನು. ಈಗ ಚೇಳೂರಿನ ಇಂಪನಾ ಎಂಬ ಬಾಯಿ ಬಿಡದ ಹುಡುಗಿಯಿಂದಾಗಿ ಸ್ಟಾಫ್ ರೂಮಿನಲ್ಲಿ ತಲೆ ತಗ್ಗಿಸಿಕೊಂಡು ಟೀ ಕುಡಿಯಬೇಕಾಗಿದೆ.

ಇದರ ಮೇಲೆ ಫ್ಲೆಕ್ಸ್ ಬೇರೆ. ಫಲಿತಾಂಶಕ್ಕೆ ಮುಂಚೆಯೇ ನಮ್ಮ ಸಂಸ್ಥೆಯ ಅಧ್ಯಕ್ಷ ಅಣ್ಣಯ್ಯಪ್ಪನವರು ‘ಶೇಕಡಾ ನೂರು’ ಎಂದು ಅಚ್ಚು ಹಾಕಿಸಿ, ತಮ್ಮ ಫೋಟೋ ದೊಡ್ಡದು, ಸರಸ್ವತಿಯದು ಸಣ್ಣದು ಇಟ್ಟು, ಗೇಟಿಗೆ ಕಟ್ಟಿಸಿಬಿಟ್ಟಿದ್ದಾರೆ. ಕೊಬ್ಬರಿ ಮಂಡಿಯವರು, ಕಾಯಿ ಒಡೆಯುವ ಮೊದಲೇ ಬೆಲೆ ಕಟ್ಟಿ ಅಭ್ಯಾಸ. ನಾನೇ ಹೋಗಿ, “ಸರ್, ತೊಂಬತ್ತೆಂಟು ಚಿಲ್ಲರೆ ಆಗುತ್ತೆ, ಅದನ್ನ ಬಿಚ್ಚಿಸಿ” ಎಂದೆ.

“ಒಂದು ಹುಡ್ಗಿ ತಾನೆ ಮೇಡಂ? ರೌಂಡ್ ಆಫ್ ಮಾಡಿ. ನೀವೇ ಗಣಿತದೋರು, ನಾನ್ ಹೇಳ್ಕೊಡ್ಬೇಕಾ?” ಎಂದರು.

ಸಂಜೆ ಇಂಪನಾಳ ಮನೆಗೆ ಫೋನ್ ಮಾಡಿದೆ. ಶಾಲೆಯಲ್ಲಿರುವುದು ಅವಳ ಸೋದರಮಾವನ ನಂಬರು. “ಅವ್ಳು ಯಾರತ್ರಾನೂ ಮಾತಾಡ್ತಿಲ್ಲ ಮೇಡಂ. ಇನ್ನೂ ಎಲ್ಡು ಪರೀಕ್ಸೆ ಅವಂತಲ್ಲ, ಅಷ್ಟ್ರಲ್ಲಿ ಪಾಸಾದ್ರೆ ಪಿಯುಸಿಗೆ ಹೋಗ್ಲಿ. ಆಗ್ಲಿಲ್ವಾ, ಹಿರೇಹಳ್ಳೀಲಿ ಪ್ಯಾಕಿಂಗ್ ಕೆಲ್ಸಕ್ಕೆ ಹೇಳಿಟ್ಟಿದೀನಿ” ಎಂದು ಇಟ್ಟುಬಿಟ್ಟ. ಆಮೇಲೆ ಮತ್ತೊಮ್ಮೆ ಮಾಡಿದೆ, ಎತ್ತಲಿಲ್ಲ. ನನ್ನ ಕೆಲಸ ನಾನು ಮಾಡಿದ್ದೇನೆ. ಇನ್ನು ಅವಳುಂಟು, ಅವಳ ಹಣೆಬರಹವುಂಟು.

ಮೇ 14, ಬುಧವಾರ

ಅಧ್ಯಕ್ಷರಿಗೆ ಜ್ಞಾನೋದಯವಾಗಿದೆ. ಬರುವ ಪಂಚಾಯಿತಿ ಚುನಾವಣೆಯ ಹೊತ್ತಿಗೆ ತಾಲ್ಲೂಕಿನ ಮನೆಮನೆಯಲ್ಲೂ ಅವರ ಮುಖ ಕಾಣಬೇಕಂತೆ. ಅದಕ್ಕೆ ವಿದ್ಯಾದಾನದ ಹೆಸರು. ಪ್ರತಿ ಶನಿವಾರ ಸಂಜೆ ಫೇಸ್‌ಬುಕ್ ಲೈವ್, ಕಾರ್ಯಕ್ರಮದ ಹೆಸರು ‘ಮನೆಮನೆಗೆ ಗಣಿತ’. ಫೇಲಾದ ಮಕ್ಕಳೂ ತಾಯಂದಿರೂ ಮನೆಯಲ್ಲೇ ಕೂತು ಫೋನಿನಲ್ಲಿ ಪಾಠ ಕೇಳುವುದು. ಪಾಠ ಮಾಡುವವಳು ನಾನು.

“ಸರ್, ಕಪ್ಪುಹಲಗೆ ಮುಂದೆ ನಿಂತ್ರೇನೇ ಹಿಂದಿನ ಬೆಂಚು ನಿದ್ದೆ ಮಾಡುತ್ತೆ. ಇನ್ನು ಫೋನಿನೊಳಗೆ ಹೋದ್ರೆ ಯಾರು ಕೇಳ್ತಾರೆ?” ಎಂದೆ.

“ನೀವು ಕ್ಯಾಮೆರಾ ನೋಡಿ ನಗ್ತಾ ಇರಿ ಮೇಡಂ, ಉಳಿದಿದ್ದು ಲಕ್ಷ್ಮೀಕಾಂತ ನೋಡ್ಕೋತಾನೆ” ಎಂದರು. ಈ ಲಕ್ಷ್ಮೀಕಾಂತ ಕುಣಿಗಲ್ಲಿನ ಮದುವೆ ವಿಡಿಯೋದವನು. ತಾಳಿ ಕಟ್ಟುವುದನ್ನು ದುಬೈವರೆಗೂ ಲೈವ್ ತೋರಿಸುತ್ತಾನಂತೆ.

ಕ್ಯಾಮೆರಾ ನೋಡಿ ನಗುವುದು! ಮದುವೆಯ ದಿನವೂ ನಾನು ನಕ್ಕಿರಲಿಲ್ಲ, ಆಲ್ಬಂ ಸಾಕ್ಷಿ.

ಮೇ 17, ಶನಿವಾರ

ಮೊದಲ ಲೈವ್ ಆಯಿತು. ಮಾನ ಹೋಯಿತು.

ನಮ್ಮವರಿಗೆ ಏನು ಮಾಡಿದರೂ ಸಭೆಯ ಮರ್ಯಾದೆ ಬಿಡಬಾರದು. ಫೋನಿನ ಮುಂದೆ ಮೇಜು, ಮೇಜಿಗೆ ಜರಿಯ ಬಟ್ಟೆ. ಸಮಾಜ ವಿಜ್ಞಾನದ ಶಿಲ್ಪಾ ಪ್ರಾರ್ಥನೆ ಹಾಡಿದಳು, ಎರಡು ಚರಣ ಪೂರ್ತಿ. ಆಮೇಲೆ ದೀಪ ಬೆಳಗಿಸುವುದು. ಫ್ಯಾನು ಹಾಕಿದರೆ ದೀಪ ಆರುತ್ತದೆ, ನಿಲ್ಲಿಸಿದರೆ ಅಧ್ಯಕ್ಷರು ಬೆವರುತ್ತಾರೆ. ಸ್ವಾಗತ, ಪರಿಚಯ, ಹಾರ. ಅಧ್ಯಕ್ಷರಿಗೊಂದು ಹಾರ, ಸಂಪನ್ಮೂಲ ವ್ಯಕ್ತಿ ಎಂದು ನನಗೊಂದು. ಬಳಿಕ ಅಧ್ಯಕ್ಷರ ಎರಡು ಮಾತು, ಮುಕ್ಕಾಲು ಗಂಟೆ. ಕೊನೆಗೆ ವಂದನಾರ್ಪಣೆಗೆ ಸಮಯವಾಯಿತೆಂದು ಚೀಟಿ ಬಂದಾಗ ನಾನು ಹಲಗೆಯ ಮೇಲೆ ಬರೆದದ್ದು ‘ವರ್ಗ ಸಮೀಕರಣ’ ಎಂಬ ತಲೆಬರಹ ಮಾತ್ರ.

ಇದೂ ಹಾಳಾಗಲಿ ಅಂದರೆ, ಲಕ್ಷ್ಮೀಕಾಂತ ಮದುವೆಗೆ ಹಾಕುವ ಅಲಂಕಾರವನ್ನೇ ಇದಕ್ಕೂ ಹಾಕಿಬಿಟ್ಟಿದ್ದ. ತೆರೆಯ ಮೇಲಿನಿಂದ ಗುಲಾಬಿ ದಳ ಉದುರುತ್ತಿವೆ, ಹಿಂದೆ ನಾದಸ್ವರ, ಕೆಳಗೆ ಬಂಗಾರದ ಅಕ್ಷರದಲ್ಲಿ ‘ಶುಭವಿವಾಹ’. ಅದರ ಮಧ್ಯೆ ಹಾರ ಹಾಕಿಕೊಂಡು ಅಕ್ಕಪಕ್ಕ ಕೂತಿರುವವರು ಅಣ್ಣಯ್ಯಪ್ಪ ಮತ್ತು ನಾನು. ‘ನೂರ್ಕಾಲ ಸುಖವಾಗಿ ಬಾಳಿ’ ಎಂದು ಯಾರೋ ಹರಸಿದ್ದರು. ‘ಈ ವಯಸ್ನಲ್ಲಾ?’ ಎಂದು ಇನ್ನೊಬ್ಬರು. ‘ಊಟ ಎಲ್ಲಿ?’ ಎಂದು ಮತ್ತೊಬ್ಬರು.

ಮನೆಗೆ ಬಂದರೆ ಇವರು ಸೋಫಾದಲ್ಲಿ ಕಾಲು ಮಡಚಿಕೊಂಡು ಕಾಯುತ್ತಿದ್ದರು. ಇವರೆಂದರೆ ಸೋಮಶೇಖರ್. ಗಂಡನ ಹೆಸರು ಹಿಡಿದು ಬರೆಯಲು ನನಗೆ ಈ ಪುಸ್ತಕವೊಂದೇ ಜಾಗ. ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಸ್ಟೋರ್ ಕೀಪರು, ಮಾತಿಗೆ ಮಾತ್ರ ಅಲ್ಲಿ ಬೀಗವಿಲ್ಲ. “ಬಾ ಬಾ. ಧಾರೆ ಮುಗೀತಾ? ನನಗೊಂದು ಕಾಗದ ಹಾಕೋದಲ್ವಾ?” ಎಂದರು. ಒಳಗೆ ಹೋಗಿ ಉಪ್ಪಿಲ್ಲದ ಸಾರು ಮಾಡಿ ಬಡಿಸಿದೆ.

ಮೇ 24, ಶನಿವಾರ

ಎರಡನೇ ಪರೀಕ್ಷೆಗೆ ಇಂಪನಾ ಕಟ್ಟಲೇ ಇಲ್ಲ. ಉಳಿದಿರುವುದು ಮೂರನೆಯದೊಂದೇ. ಆಗಲಿ, ಓದುವುದು ಬೇಡವಾದರೆ ಬಲವಂತವಿದೆಯೇ?

ಇವತ್ತಿನ ಲೈವಿನಲ್ಲಿ ಜನ ಪ್ರಶ್ನೆ ಕೇಳದಿದ್ದರೆ ಅವಮಾನವೆಂದು ಅಧ್ಯಕ್ಷರು ಮೊದಲೇ ಪ್ರಶ್ನೆ ಹಂಚಿಸಿದ್ದರು. ಒಬ್ಬೊಬ್ಬ ಮೇಷ್ಟ್ರು ಒಂದೊಂದನ್ನು ಕಾಮೆಂಟಿನಲ್ಲಿ ಹಾಕಬೇಕು. ನಮ್ಮ ಮೇಷ್ಟ್ರುಗಳೋ, ವಾಟ್ಸಾಪಿನಲ್ಲಿ ಬಂದದ್ದನ್ನು ಓದಿ ಗೊತ್ತಿಲ್ಲ, ದಾಟಿಸಿ ಗೊತ್ತು. ಇಡೀ ಸಂದೇಶವನ್ನೇ ಎತ್ತಿ ಅಂಟಿಸಿದರು: ‘ಪ್ರಶ್ನೆ ಮೂರನ್ನು ಹಿಂದಿ ಮೇಷ್ಟ್ರು ಪೋಷಕರಂತೆ ಕೇಳತಕ್ಕದ್ದು.’ ಒಬ್ಬರಾದ ಮೇಲೆ ಒಬ್ಬರು ಇದನ್ನೇ. ಮಧ್ಯೆ ಮಧ್ಯೆ ‘ಶುಭ ಸಂಜೆ ಸರ್’, ಹೂವಿನ ಬೊಕೆ, ಕೈ ಮುಗಿದ ಚಿತ್ರ.

ಈ ಸಂತೆಯೊಳಗೆ ಕೋಳಿಯ ಫೋಟೋ ಹಾಕಿದ್ದ ‘ಕದರಮ್ಮ’ ಎಂಬ ಹೆಸರಿನಿಂದ ಒಂದು ಕಾಮೆಂಟು ಬಂತು: ‘ಮೇಡಮ್ನೋರೆ ಮೈನಸ್ಸು ಮೈನಸ್ಸು ಗುಣುಸುದ್ರೆ ಪ್ಲಸ್ಸು ಅಂತೀರ. ಇಲ್ದೆ ಇರದ್ನ ಇಲ್ದೆ ಇರದ್ರಿಂದ ಗುಣುಸುದ್ರೆ ಇರದು ಎಂಗ್ ಬತ್ತದೆ?’

ಅಧ್ಯಕ್ಷರ ಭಾಷಣ ಕೇಳಿ, ಹಾಗೇ ಬರುತ್ತದೆ ಎನ್ನಬೇಕೆನಿಸಿತು. ನುಂಗಿಕೊಂಡು, “ಕದರಮ್ಮನವರೇ, ನಿಮ್ಮ ಕೋಳಿ ಮೊಟ್ಟೆ ಇಟ್ಟಿಲ್ಲ ಅಂತ ಪಕ್ಕದ ಮನೆಯವಳು ಹೇಳಿದ್ಳು. ಅವಳು ಹೇಳಿದ್ದು ಸುಳ್ಳು. ಹಾಗಾದ್ರೆ ಮೊಟ್ಟೆ ಇದೆಯೋ ಇಲ್ವೋ?” ಎಂದೆ. ಸ್ವಲ್ಪ ಹೊತ್ತಾದ ಮೇಲೆ, ‘ಅದೆ ಕಣ್ ಮೇಡಮ್ನೋರೆ, ಗೊತ್ತಾತು’ ಎಂದು ಬಂತು. ಹಿಂದೆಯೇ ಪರದೆಯ ತುಂಬ ಕೆಂಪು ಹೃದಯಗಳು ಹಾರಿದವು. ಆಮೇಲೆ ಒಂದೆರಡು ಲೆಕ್ಕ ಸರಾಗವಾಗಿ ಮಾಡಿದೆ.

ಲಕ್ಷ್ಮೀಕಾಂತನನ್ನು ಕೇಳಿದೆ. “ನಾಲ್ಕು ಸುಳ್ಳು ಐಡಿ ಬಿಟ್ಟಿದೀನಿ ಮೇಡಂ, ಕಾಮೆಂಟು ಓಡ್ಲಿ ಅಂತ” ಎಂದ. ಹಾಗಾದರೆ ಕದರಮ್ಮನೂ ಅವನದೇ. ಹುಡುಗನಿಗೆ ತಲೆಯಿದೆ.

ಮೇ 31, ಶನಿವಾರ

ಇವತ್ತು ದೀಪಕ್ಕೆ ಎಣ್ಣೆ ಹಾಕಲು ಮರೆತದ್ದರಿಂದ ಸಭೆ ಬೇಗ ಮುಗಿದು, ಪಾಠಕ್ಕೆ ಸಮಯ ಸಿಕ್ಕಿತು.

ಕದರಮ್ಮ ಮತ್ತೆ ಬಂದಳು. ‘ಎಕ್ಸು ಅಂದ್ರೆ ಯಾರು ಮೇಡಮ್ನೋರೆ, ಒಂದ್ ಲೆಕ್ಕದಲ್ಲಿ ಐದು ಅಂತೀರ, ಇನ್ನೊಂದ್ರಲ್ಲಿ ಎಲ್ಡು ಅಂತೀರ.’ “ಅಧ್ಯಕ್ಷರ ಸ್ಥಾನ ಇದ್ದ ಹಾಗೆ ಕದರಮ್ಮನವರೇ, ಕುರ್ಚಿ ಅದೇ, ಕೂರೋರು ಬದಲಾಗ್ತಾರೆ” ಎಂದೆ. ಅಣ್ಣಯ್ಯಪ್ಪನವರು ನಗಬೇಕೋ ಬೇಡವೋ ತಿಳಿಯದೆ ನೀರು ಕುಡಿದರು. ಹೃದಯಗಳೋ ಹೃದಯಗಳು. ಈ ತುಣುಕನ್ನು ಕತ್ತರಿಸಿ ಯಾರೋ ಎಲ್ಲ ಕಡೆ ಹಂಚಿದ್ದಾರೆ. ಇವರ ಫ್ಯಾಕ್ಟರಿಯ ಸೆಕ್ಯೂರಿಟಿಯೂ ನೋಡಿದನಂತೆ.

ನನಗೇನು, ನಾನು ಇಂಥದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವಳಲ್ಲ. ಮಲಗುವ ಮುಂಚೆ ಎಷ್ಟು ಜನ ನೋಡಿದ್ದಾರೆಂದು ಒಮ್ಮೆ ನೋಡಿದೆ, ಅಷ್ಟೇ. ಆಮೇಲೆ ಇನ್ನೊಮ್ಮೆ.

ಜೂನ್ 7, ಶನಿವಾರ, ಕುಣಿಗಲ್

ಲಕ್ಷ್ಮೀಕಾಂತನಿಗೆ ಇಲ್ಲೊಂದು ಮದುವೆಯ ವಿಡಿಯೋ ಕೆಲಸವಿತ್ತು. ಬಿಟ್ಟು ಬರಲಾಗದೆಂದು ಲೈವನ್ನೇ ಕುಣಿಗಲ್ಲಿನ ಛತ್ರಕ್ಕೆ ಎಳೆದ. ಮದುಮಕ್ಕಳು ಎದ್ದು ಹೋದ ಕುರ್ಚಿಯಲ್ಲಿ ಕೂತು ತ್ರಿಕೋನಮಿತಿ ಹೇಳಿದೆ. ಹಿಂದೆ ಬಾಳೆಕಂಬ, ಪಕ್ಕದಲ್ಲಿ ಯಾರೋ ಬಿಟ್ಟುಹೋದ ಉಡುಗೊರೆಯ ಮಿಕ್ಸಿ.

ಹಸಿರು ರೇಷ್ಮೆ ಸೀರೆ ಉಟ್ಟಿದ್ದೆ. ಛತ್ರಕ್ಕೆ ಹೋಗುವಾಗ ಹತ್ತಿ ಸೀರೆ ಚೆನ್ನಾಗಿರುವುದಿಲ್ಲ, ಅದಕ್ಕೆ. ತುಟಿಗೂ ಒಂಚೂರು ಬಣ್ಣ. ಲೈಟು ಜಾಸ್ತಿ ಇರುವ ಕಡೆ ಮುಖ ಬಿಳಚಿಕೊಂಡು ಕಾಣುತ್ತದೆ ಎಂದು ಶಿಲ್ಪಾ ಹೇಳಿದ್ದಳು.

ಬಸ್ ಸ್ಟ್ಯಾಂಡಿನಲ್ಲಿ ಹೂವಿನವಳೊಬ್ಬಳು ನನ್ನನ್ನೇ ದಿಟ್ಟಿಸಿ, “ನೀವು ಕದರಮ್ಮನ ಮೇಡಮ್ ಅಲ್ವ್ರಾ?” ಎಂದು ಒಂದು ಮೊಳ ಮಲ್ಲಿಗೆ ಮುಡಿಸಿದಳು. ಇಷ್ಟು ವರ್ಷ ಪಾಠ ಮಾಡಿದ್ದಕ್ಕೆ ಒಂದು ಎಸಳೂ ಸಿಕ್ಕಿರಲಿಲ್ಲ. ಖುಷಿಯಾಯಿತು. ಯಾಕೆ ಸುಳ್ಳು ಬರೆಯಲಿ, ಬಹಳ ಖುಷಿಯಾಯಿತು.

ಇವತ್ತು ಕದರಮ್ಮ ಕೇಳಿದ್ದು: ‘ಎಲ್ಡು ಬೇರೂ ಒಂದೇ ಬಂದ್ರೆ ಗ್ರಾಪು ಗೆರೇನ ಎಷ್ಟು ಕಡೆ ಮುಟ್ತದೆ?’ “ನಿಮ್ಮ ಕೋಳಿ ಕೆದಕಿದ ಕಡೆಯೆಲ್ಲಾ ಮುಟ್ಟುತ್ತೆ” ಎಂದೆ. ಛತ್ರದ ಅಡುಗೆಯವರೆಲ್ಲ ಕೈ ತೊಳೆದುಕೊಳ್ಳದೆ ಬಂದು ನಿಂತು ನಕ್ಕರು. ಉತ್ತರ ಹೇಳಬೇಕೆಂದುಕೊಂಡೆ, ಅಷ್ಟರಲ್ಲಿ ವಂದನಾರ್ಪಣೆ ಶುರುವಾಗಿಬಿಟ್ಟಿತು.

ಪ್ರಶ್ನೆ ಮಾತ್ರ ಚೆನ್ನಾಗಿತ್ತು. ಬೇರೆಂದರೆ ಸಮೀಕರಣದ ಮೂಲ, ಎಕ್ಸಿಗೆ ಬರುವ ಬೆಲೆ. ಒಂದೇ ಕಡೆ ಮುಟ್ಟುತ್ತದೆ. ಪುಸ್ತಕ ಓದಿದವರಿಗಷ್ಟೇ ಹೊಳೆಯುವ ಪ್ರಶ್ನೆ. ಮದುವೆ ವಿಡಿಯೋದವನಿಗೆ ಇಷ್ಟು ಗಣಿತ ಬರುತ್ತದೆಂದು ಗೊತ್ತಿರಲಿಲ್ಲ. ಹೊಗಳಿದರೆ, “ಕದರಮ್ಮ ನನ್ನ ಐಡಿ ಅಲ್ಲ ಮೇಡಂ” ಎಂದ. ಎಷ್ಟು ವಿನಯ!

ಜೂನ್ 11, ಬುಧವಾರ

ಶನಿವಾರಕ್ಕೆ ಕದರಮ್ಮನಿಗೆ ಹೇಳಲು ಮಾತು ಜೋಡಿಸುತ್ತಿದ್ದೇನೆ. ಕೋಳಿ ಆಯಿತು, ಇನ್ನು ಹುಂಜ ತರಬೇಕು. ತರಗತಿಯಲ್ಲಿ ಪ್ರಮೇಯ ಹೇಳುತ್ತಾ ಮಧ್ಯದ ಒಂದು ಹಂತ ಮರೆತೆ. ಮಕ್ಕಳು ಗಮನಿಸಲಿಲ್ಲ, ಅವೂ ಕದರಮ್ಮನ ಕೋಳಿಯ ವಿಷಯ ಕೇಳಲು ಕಾಯುತ್ತಿದ್ದವು.

ಜೂನ್ 14, ಶನಿವಾರ

ಇದುವರೆಗಿನ ಎಲ್ಲಕ್ಕಿಂತ ಹೆಚ್ಚು ಜನ ಇವತ್ತು! ಅಧ್ಯಕ್ಷರು ತಮ್ಮ ಮಾತನ್ನು ತಾವೇ ಕಡಿಮೆ ಮಾಡಿದರು. ಇದು ಪವಾಡ.

ಕದರಮ್ಮ ಇವತ್ತು ಲೆಕ್ಕ ಕೇಳಲಿಲ್ಲ. ‘ಮೇಡಮ್ನೋರೆ ಮೂರ್ನೇ ಪರೀಕ್ಸೆ ಕಟ್ಟಕ್ಕೆ ಕೊನೇ ದಿನ ಯಾವತ್ತು?’ ಎಂದು ಹಾಕಿದಳು. ನಾನು ಬಿಡುತ್ತೇನೆಯೇ? “ಕದರಮ್ಮನವರೇ, ನೀವು ಪರೀಕ್ಷೆಗೆ ಬಂದ್ರೆ ಕೋಳೀನೂ ಕರ್ಕೊಂಡು ಬರ್ತೀರಲ್ಲ, ಅದಕ್ಕೂ ಹಾಲ್ ಟಿಕೆಟ್ ಬೇಕಾಗುತ್ತೆ” ಎಂದೆ. ನಕ್ಕೂ ನಕ್ಕೂ ಶಿಲ್ಪಾಳ ಕಣ್ಣಲ್ಲಿ ನೀರು. ಮತ್ತೆ ಅದೇ ಪ್ರಶ್ನೆ ಬಂತು. “ಹುಂಜ ಹೊರಗೆ ಕಾಯುತ್ತಾ?” ಎಂದೆ. ಮೂರನೇ ಸಲವೂ ಬಂತು. ಅಷ್ಟರಲ್ಲಿ ನಗುವ ಮುಖಗಳು ಎಷ್ಟು ಬರುತ್ತಿದ್ದವೆಂದರೆ, ಆ ಸಾಲು ಮೇಲಕ್ಕೆ ಹೋಗಿ ಕಾಣದಾಯಿತು.

ಮನೆಯಲ್ಲಿ ಇವರು ನಗಲಿಲ್ಲ. “ಕೊನೇ ದಿನ ಯಾವತ್ತು ಅಂತ ಹೇಳ್ಬಿಡಬಹುದಿತ್ತಲ್ಲ ಶಶಿ, ನಿಜವಾಗ್ಲೂ ಯಾರಿಗಾದ್ರೂ ಬೇಕಿತ್ತೇನೋ” ಎಂದರು.

“ಅದು ಲಕ್ಷ್ಮೀಕಾಂತನ ಸುಳ್ಳು ಐಡಿ ಕಣ್ರೀ. ನಿಮಗೆ ತಮಾಷೆ ಅರ್ಥವಾಗಲ್ಲ” ಎಂದೆ. ಹೊಟ್ಟೆಕಿಚ್ಚು, ಮತ್ತೇನು.

ಜೂನ್ 18, ಬುಧವಾರ

ಮೂರನೇ ಪರೀಕ್ಷೆಗೆ ಕಟ್ಟುವುದು ನಿನ್ನೆಗೆ ಮುಗಿಯಿತು. ಇಂಪನಾ ಬರಲಿಲ್ಲ. ಕೊನೇ ಘಳಿಗೆಯವರೆಗೂ ಆಫೀಸಿನ ಬಾಗಿಲ ಕಡೆ ನೋಡುತ್ತಿದ್ದೆ. ಇಷ್ಟು ಜನ ನನ್ನ ಪಾಠ ಕೇಳುತ್ತಾರೆ, ನನ್ನದೇ ಮುಂದಿನ ಬೆಂಚಿನಲ್ಲಿ ಕೂತಿದ್ದ ಹುಡುಗಿಗೆ ಬೇಡವಾಯಿತು. ಕೊಬ್ಬು.

ಜೂನ್ 21, ಶನಿವಾರ

ಕದರಮ್ಮ ಬರಲಿಲ್ಲ. ಹುಂಜಕ್ಕೆಂದು ಜೋಡಿಸಿಟ್ಟಿದ್ದ ಹೊಸ ಮಾತುಗಳು ಹಾಗೇ ಉಳಿದವು. ಜನ ‘ಕದರಮ್ಮ ಎಲ್ಲಿ?’ ಎಂದು ಕೇಳಿ ಕೇಳಿ ಎದ್ದು ಹೋದರು. ಕೊನೆಗೆ ಉಳಿದವರು ನಮ್ಮ ಮೇಷ್ಟ್ರುಗಳು, ಹೂವಿನ ಬೊಕೆ ಹಾಕುತ್ತಾ.

ಲಕ್ಷ್ಮೀಕಾಂತನಿಗೆ ಬೈದೆ. ಅವನು ತಾಯಾಣೆ ಇಟ್ಟ. “ನಂದಲ್ಲ ಅಂತ ಅವತ್ತೇ ಹೇಳಿದ್ನಲ್ಲ ಮೇಡಂ. ನಂಗೆ ಬೇರು ಅಂದ್ರೆ ಮರದ್ದು ಒಂದೇ ಗೊತ್ತಿರೋದು.”

ಹಾಗಾದರೆ ಯಾರು?

ಜೂನ್ 25, ಬುಧವಾರ

ಲಕ್ಷ್ಮೀಕಾಂತ ಮೆಸೇಜು ಹಾಕಿ ಹಾಕಿ ಪತ್ತೆ ಮಾಡಿದ್ದಾನೆ. ಕದರಮ್ಮ ನಿಜವಾಗಿಯೂ ಇದ್ದಾರಂತೆ, ನಿಜವಾದ ಅಜ್ಜಿ, ಚೇಳೂರಿನ ಕಡೆಯವರು. ಕೋಳಿಯೂ ನಿಜ. ಅಕ್ಷರ ಬಾರದು, ಮೈಕಿನ ಚಿತ್ರ ಒತ್ತಿ ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತದಂತೆ.

ಅಧ್ಯಕ್ಷರಿಗೆ ಕೇಳಬೇಕೇ? ಅಕ್ಷರ ಬಾರದ ಅಜ್ಜಿ ನಮ್ಮ ಲೈವ್‌ನಿಂದ ಗಣಿತಾಸಕ್ತೆಯಾದಳು! ಸನ್ಮಾನ ಮಾಡಲೇಬೇಕು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಎಲ್ಲ ಅವರ ಮನೆಯಂಗಳದಿಂದಲೇ ಲೈವ್. ನೋಡಿದ್ದಕ್ಕೆ ಸನ್ಮಾನ ಮಾಡುವವರು ನಾವೇ ಮೊದಲಿರಬೇಕು.

ಚೇಳೂರು ಎಂದಾಗ ಇಂಪನಾಳ ಊರೂ ಅದೇ ಎಂದು ನೆನಪಾಯಿತು. ಅದೇನು ಸಣ್ಣ ಊರೇ? ನೂರಾರು ಮನೆಗಳಿವೆ.

ಜೂನ್ 29, ಭಾನುವಾರ

ನಿನ್ನೆ ಬರೆಯಲು ಆಗಲಿಲ್ಲ. ಇವತ್ತೂ ಬೇಡವೆಂದುಕೊಂಡೆ, ಬರೆಯದೆ ಕೂತರೆ ಇನ್ನೂ ಕಷ್ಟ.

ಹೆಂಚಿನ ಮನೆ, ಮುಂದೆ ಜಗಲಿ, ಜಗಲಿಯ ಪಕ್ಕ ಬುಟ್ಟಿ ಮುಚ್ಚಿದ ಕೋಳಿ. ಲಕ್ಷ್ಮೀಕಾಂತ ಬುಟ್ಟಿ ತೆಗೆಸಿ ಕೋಳಿಯನ್ನೂ ಕ್ಯಾಮೆರಾ ಮುಂದೆ ಬಿಡಿಸಿದ. ಕದರಮ್ಮ ಗಟ್ಟಿ ಮುದುಕಿ, ಒಗೆದ ಸೀರೆ ಉಟ್ಟು ಕಾಯುತ್ತಿದ್ದರು. ಅಧ್ಯಕ್ಷರು ಪೇಟ ತೊಡಿಸಿದರು, ಅದು ಅಜ್ಜಿಯ ಕಣ್ಣಿನ ಮೇಲೆ ಇಳಿಯಿತು. ಶಾಲು ಹೊದಿಸುವಾಗ ಲಕ್ಷ್ಮೀಕಾಂತ, “ಸರ್, ಇನ್ನೊಂದ್ಸಲ, ಈ ಕಡೆ ತಿರುಗಿ” ಎಂದ. ಮತ್ತೆ ತೆಗೆದು ಮತ್ತೆ ಹೊದಿಸಿದರು.

ಎರಡು ಮಾತನಾಡಿ ಎಂದು ನಾನೇ ಮೈಕು ಹಿಡಿದೆ. ಅಜ್ಜಿ ಪೇಟ ಮೇಲಕ್ಕೆ ತಳ್ಳಿ ನನ್ನ ಮುಖ ನೋಡಿದರು.

“ನೀವೇ ಏನವ್ವ ಶಶಿಕಲಾ ಮೇಡಮ್ನೋರು? ಮೊಟ್ಟೆ ಲೆಕ್ಕ ಬೋ ಚೆಂದಾಗಿ ಯೋಳಿದ್ರಿ. ನಮ್ಮುಡ್ಗಿ ಅವತ್ತೇ ನಕ್ಕಿದ್ದು, ಪೇಲಾದ್ಮೇಲೆ. ಬಾಗಿಲ ಹಿಂದೆ ಕೂತ್ಕಂಡು ಅವ್ಳು ಕೇಳವ್ಳು, ನಾನು ಪೋನ್ಗೆ ಯೋಳವ್ಳು. ಅವ್ಳ ಹೆಸ್ರಲ್ಲಿ ಕೇಳುದ್ರೆ ಎಲ್ರಿಗೂ ಗೊತ್ತಾತದೆ ಅಂತ ನಾಚ್ಕೆ. ಇಸ್ಕೂಲ್‌ಗೇ ಹೋಗಿ ಕೇಳೇ ಅಂದ್ರೆ, ಗೇಟಿಗೆ ನೂರಕ್ಕೆ ನೂರು ಅಂತ ಬೋರ್ಡ್ ಕಟ್ಟವ್ರೆ, ನಾನ್ ಎಂಗಜ್ಜಿ ಒಳೀಕ್ ಓಗ್ಲಿ ಅಂದ್ಳು.”

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಅಜ್ಜಿ ನಿಲ್ಲಿಸಲಿಲ್ಲ.

“ಕೊನೇ ದಿನ ಯಾವತ್ತು ಅಂತ ಮೂರು ಸಲ ಕೇಳುದ್ನಲ್ಲವ್ವ. ಯಾಕ್ ನಗಾಡುದ್ರಿ?”

ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳುತ್ತಿದ್ದರು, ಮೈನಸ್ಸಿನ ಪ್ರಶ್ನೆ ಕೇಳಿದ ಹಾಗೆಯೇ.

ಅರ್ಧ ತೆರೆದ ಬಾಗಿಲ ಹಿಂದೆ ನೀಲಿ ಚೂಡಿದಾರದ ಅಂಚು ಕಂಡಿತು. ಮರುಕ್ಷಣ ಬಾಗಿಲು ಮುಚ್ಚಿತು.

ಮೇಷ್ಟ್ರು ಎಂದ ಮೇಲೆ ಕೇಳಿದ್ದಕ್ಕೆ ಉತ್ತರ ಹೇಳಬೇಕು. “ಹದಿನೇಳನೇ ತಾರೀಕು, ಅಜ್ಜಿ” ಎಂದೆ. “ಮುಗಿದುಹೋಯ್ತು.”

ಆ ಮಾತಿಗೆ ಬಂದಷ್ಟು ನಗುವ ಮುಖಗಳು ಹಿಂದೆಂದೂ ಬಂದಿರಲಿಲ್ಲ. ‘ಅಜ್ಜಿ ಟೈಮಿಂಗ್ ಸೂಪರ್.’ ‘ಮೇಡಂ ಮುಖ ನೋಡ್ರೋ, ಏನ್ ಆಕ್ಟಿಂಗು!’ ‘ಪಾರ್ಟ್ ಟೂ ಬೇಕು.’ ಅಧ್ಯಕ್ಷರು ಚಪ್ಪಾಳೆ ತಟ್ಟಿ, “ನಮ್ಮ ಗ್ರಾಮೀಣ ಜನರ ಹಾಸ್ಯಪ್ರಜ್ಞೆ ನೋಡಿ!” ಎಂದರು. ಶಿಲ್ಪಾ ವಂದನಾರ್ಪಣೆ ಓದಿದಳು. ಅದರಲ್ಲಿ ಕೋಳಿಗೂ ವಂದನೆಯಿತ್ತು. ಅಜ್ಜಿ ಹಣ್ಣಿನ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

ನಾನು ಏನೂ ಮಾಡಲಿಲ್ಲ. ಕಾರು ಹತ್ತಿ ಬಂದೆ. ಅಭ್ಯಾಸಬಲದಿಂದ ಎಷ್ಟು ಜನ ನೋಡಿದ್ದಾರೆಂದು ನೋಡಿದೆ ಕೂಡ. ಥೂ.

ಜುಲೈ 2, ಬುಧವಾರ

ಗೇಟಿನ ಫ್ಲೆಕ್ಸು ಗಾಳಿಗೆ ಹರಿದು ಬಿದ್ದಿದೆ ಎಂದು ಅಧ್ಯಕ್ಷರಿಗೆ ತಿಳಿಸಿದೆ. “ಗುಬ್ಬೀಲಿ ಅಂಥಾ ಗಾಳಿ ಎಲ್ಲಿತ್ತು?” ಎಂದರು. ರಾತ್ರಿ ಬಂದಿರಬೇಕು ಎಂದೆ. ನನ್ನ ಬ್ಯಾಗಿನಲ್ಲಿ ಕತ್ತರಿ ಯಾಕಿದೆ ಎಂದು ಶಿಲ್ಪಾ ಕೇಳಿದಳು. ಗ್ರಾಫ್ ಹಾಳೆ ಕತ್ತರಿಸಲು ಎಂದೆ. ಅಣ್ಣಯ್ಯಪ್ಪನವರ ಮುಖ ಚರಂಡಿಯ ಕಡೆ ಬಿದ್ದಿತ್ತು. ಸರಸ್ವತಿಯನ್ನು ಮಾತ್ರ ಎತ್ತಿ ಒರೆಸಿಟ್ಟೆ.

ಶನಿವಾರದ ಲೈವ್‌ಗೆ ಗಂಟಲು ಕಟ್ಟಿದೆ ಎಂದು ಹೇಳಿದ್ದೇನೆ. ಶಿಲ್ಪಾ ಮಾಡಲಿ, ಅವಳಿಗೆ ಹಾಡಲೂ ಬರುತ್ತದೆ.

ಜುಲೈ 6, ಭಾನುವಾರ

ಮನೆಯಲ್ಲಿ ಕೆಲಸವಿರಲಿಲ್ಲ, ಸುಮ್ಮನೆ ಚೇಳೂರಿಗೆ ಹೋಗಿಬಂದೆ. “ಫೋನು ಇಲ್ಲೇ ಬಿಟ್ಟು ಹೋಗ್ತಿದೀಯಲ್ಲ” ಎಂದರು ಇವರು. ಚಾರ್ಜಿಲ್ಲ ಎಂದೆ. ಅವರು ಫೋನು ನೋಡಿದರು, ನನ್ನನ್ನೂ ನೋಡಿದರು, ಬಸ್ ಸ್ಟಾಪಿನವರೆಗೆ ಸ್ಕೂಟರಿನಲ್ಲಿ ಬಿಟ್ಟರು. ಗುಬ್ಬಿಯಲ್ಲಿ ಬಸ್ಸು ಬದಲಾಯಿಸಬೇಕು. ಚೇಳೂರಿನ ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಕಾಲು ಇನ್ನೂ ನೋಯುತ್ತಿದೆ.

ಇಂಪನಾ ಸೋಮವಾರದಿಂದ ಹಿರೇಹಳ್ಳಿಗೆ ಹೋಗುತ್ತಿದ್ದಾಳೆ. ಪ್ಯಾಕಿಂಗ್. ಭಾನುವಾರ ರಜೆ. ನಾನು ಬಂದದ್ದು ಕಂಡು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. “ಮುಂದಿನ ಮಾರ್ಚಿಗೆ ಕಟ್ಟಬಹುದು. ನಾನೇ ಬಂದು ಕರ್ಕೊಂಡು ಹೋಗಿ ಕಟ್ಟಿಸ್ತೀನಿ” ಎಂದು ಬಾಗಿಲಿಗೆ ಹೇಳಿದೆ.

ಕದರಮ್ಮ ಒಂದು ಮಣೆ ತಂದು ನನಗೆ ಹಾಕಿ, ತಾವು ಜಗಲಿಯ ಮೇಲೆ ಎದುರಿಗೆ ಕೂತರು. “ಅವ್ಳು ಬರಾಕಿಲ್ಲ ಬುಡಿ ಇವತ್ತು. ನಂಗೇ ಯೋಳಿ. ನಾ ಅವ್ಳಿಗೆ ಯೋಳ್ತೀನಿ. ನಂಗೇನು, ಅಭ್ಯಾಸ ಆಗದೆ” ಎಂದರು.

ಹೇಳಿದೆ. ಪ್ರಾರ್ಥನೆಯಿಲ್ಲ, ದೀಪವಿಲ್ಲ, ಜಗಲಿಯ ಗಾರೆ ನೆಲವೇ ಹಲಗೆ. ಹಿಂದಿನ ಬೆಂಚಿಗೆ ಕೇಳುವ ಹಾಗೆ ಗಟ್ಟಿಯಾಗಿ, ಎರಡು ಬೇರೂ ಒಂದೇ ಬಂದರೆ ಗ್ರಾಫು ಗೆರೆಯನ್ನು ಒಂದೇ ಕಡೆ ಮುಟ್ಟುತ್ತದೆ, ಕುಣಿಗಲ್ಲಿನಲ್ಲಿ ಹೇಳದೆ ಹೋದದ್ದು, ಅದನ್ನು ಮೊದಲು ಹೇಳಿದೆ. ಆಮೇಲೆ ವರ್ಗ ಸಮೀಕರಣದ ಸೂತ್ರ ಬರೆದು, ಒಂದು ಲೆಕ್ಕ ಹಾಕಿದೆ. ಕೋಳಿ ಸೀಮೆಸುಣ್ಣವನ್ನು ಎರಡು ಸಲ ಕುಕ್ಕಿತು. ನನಗೆ ಯಾವ ತಮಾಷೆಯೂ ಹೊಳೆಯಲಿಲ್ಲ.

ಉತ್ತರ ಸರಿ ಬರಲಿಲ್ಲ. ಅಳಿಸಿ ಮತ್ತೆ ಮಾಡಿದೆ. ಮತ್ತೂ ಬರಲಿಲ್ಲ. ಇಷ್ಟು ವರ್ಷ ನಿದ್ದೆಯಲ್ಲೂ ಹೇಳುತ್ತಿದ್ದ ಸೂತ್ರ.

ಒಳಗಿನಿಂದ ದನಿ ಬಂತು. “ಅಜ್ಜೀ, ಬಿ ಹಿಂದೆ ಮೈನಸ್ ಬಿಟ್ಟವ್ರೆ ಅಂತ ಹೇಳು.”

ಅಜ್ಜಿ ನನ್ನ ಕಡೆ ತಿರುಗಿದರು. “ಬಿ ಹಿಂದೆ ಮೈನಸ್ಸು ಬಿಟ್ಟಿದೀರಂತೆ ಮೇಡಮ್ನೋರೆ.”

ನೋಡಿದೆ. ಬಿಟ್ಟಿದ್ದೆ. ಬೇಕೆಂದೇ ಬಿಟ್ಟೆ, ಹುಡುಗಿಯನ್ನು ಪರೀಕ್ಷಿಸಲು ಎಂದು ಇಲ್ಲಿ ಬರೆದುಕೊಳ್ಳಬಹುದು. ಯಾರು ನೋಡುತ್ತಾರೆ? ಆದರೆ ಬಿಟ್ಟದ್ದಲ್ಲ, ಬಿಟ್ಟುಹೋಗಿತ್ತು.

“ತಪ್ಪಾಯ್ತು ಅಂತ ಹೇಳಿ ಅಜ್ಜಿ” ಎಂದೆ.

“ತಪ್ಪಾಯ್ತಂತೆ ಕಣೇ” ಎಂದು ಅಜ್ಜಿ ಬಾಗಿಲಿಗೆ ಹೇಳಿದರು.

ಆಮೇಲೆ ಬಾಗಿಲು ಒಂದು ಬೆರಳಷ್ಟು ಸರಿಯಿತು.

“ಮುಂದಿನ್ ಲೆಕ್ಕ ಹಾಕಕ್ಕೆ ಹೇಳಜ್ಜಿ.”